ಪೆಡಲ್ ಮೇಲಿನ ಕಾಲು

ರೇಡಿಯೇಟರ್ ಕುದಿದು ಚೇರ್ತಲದ ಹತ್ತಿರವೇ ನಿಂತುಬಿಡಬಹುದಿತ್ತು. ಫ್ಯಾನ್ ಬೆಲ್ಟ್ ತುಂಡಾಗಬಹುದಿತ್ತು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಯಾವುದಾದರೂ ಸೇತುವೆಯ ನೆತ್ತಿಯ ಮೇಲೆ ಎಂಜಿನ್ ಆಫ್ ಆಗಿ, ಹಿಂದಿನ ಬಸ್ಸಿನವನು ಹಾರನ್ ಒತ್ತಿ ಒತ್ತಿ ನಮ್ಮನ್ನು ನೀರಿಗೆ ತಳ್ಳಬಹುದಿತ್ತು. ಎಡಗಡೆ ಬಾಗಿಲಿನ ಚಿಲಕ ಸಡಿಲವಾಗಿದ್ದರಿಂದ ತಿರುವಿನಲ್ಲಿ ಅದು ತೆರೆದುಕೊಂಡು, ನಾನು ಕಾಯಂಕುಳದ ಯಾವುದೋ ಬಾಳೆಹಣ್ಣಿನ ಅಂಗಡಿಯ ಮುಂದೆ ಉರುಳಬಹುದಿತ್ತು. ಮಳೆ ಬರಬಹುದಿತ್ತು, ವೈಪರ್ ಇದ್ದದ್ದು ಒಂದೇ. ಪೊಲೀಸರು ಹಿಡಿಯಬಹುದಿತ್ತು. ಡ್ರೈವ್ ಮಾಡುತ್ತಿದ್ದವರಿಗೆ ಬಿಪಿ ಏರಬಹುದಿತ್ತು. ನನಗಂತೂ ಏರಿಯೇ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕ್ ಕೈಕೊಡಬಹುದಿತ್ತು.

ಈ ಪಟ್ಟಿ ನನಗೆ ಮತ್ತೆ ನೆನಪಾದದ್ದು ಕಳೆದ ವಾರ, ತುಮಕೂರಿನ ನಮ್ಮ ರಸ್ತೆಯ ಕೊನೆಯಲ್ಲಿರುವ ಗ್ಯಾರೇಜಿನಲ್ಲಿ. ನನ್ನ ಪುಟ್ಟ ಕಾರಿನ ಬ್ರೇಕು ಮೆತ್ತಗಾಗಿತ್ತು. "ಬ್ರೇಕ್ ಪೈಪಲ್ಲಿ ಗಾಳಿ ಸೇರಿದೆ, ಏರ್ ತೆಗೀಬೇಕು ಮೇಡಂ, ಹುಡುಗರು ಯಾರೂ ಬಂದಿಲ್ಲ ಇವತ್ತು. ನೀವೇ ಕೂತ್ಕೊಂಡು ಸ್ವಲ್ಪ ಬ್ರೇಕ್ ಒತ್ತಿ ಹಿಡ್ಕೊಳ್ರಿ" ಎಂದ ಮೆಕ್ಯಾನಿಕ್. ಒತ್ತಿ ಹಿಡಿದೆ. ಅವನು ಹಿಂದಿನ ಚಕ್ರದ ಒಳಗೆ ಸ್ಪ್ಯಾನರ್ ತಿರುಗಿಸುತ್ತಿದ್ದಂತೆ ಬ್ರೇಕ್ ಆಯಿಲಿನ ವಾಸನೆ ಬಂತು... ಒಂದಿಷ್ಟು ಸಿಹಿ, ಒಂದಿಷ್ಟು ಹಳೆಯ ಹರಳೆಣ್ಣೆ, ಕೊನೆಗೆ ಮೂಗಿನಲ್ಲಿ ಉಳಿಯುವ ಮೀನಿನಂಥದೇನೋ. ಆ ವಾಸನೆಯನ್ನು ನಾನು ಇಪ್ಪತ್ತು ವರ್ಷಗಳ ಹಿಂದೆ ತ್ರಿಪ್ಪುಣಿತ್ತುರದ ಒಂದು ಮನೆಯ ಪೋರ್ಚಿನಲ್ಲಿ ಬಿಟ್ಟು ಬಂದಿದ್ದೆ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿದ್ದವು. ಬ್ಯಾಂಕು ನನ್ನನ್ನು ಪಾಲಾರಿವಟ್ಟಂ ಶಾಖೆಗೆ ವರ್ಗ ಮಾಡಿತ್ತು. ಗಂಡ ಕಾಲೇಜಿನ ಕೆಲಸ ಬಿಟ್ಟು ಬರುವಂತಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಹುಡುಕುವ ಸುಖವನ್ನು ಸಾಕಷ್ಟು ಅನುಭವಿಸಿದ ಮೇಲೆ ತ್ರಿಪ್ಪುಣಿತ್ತುರದ ಒಂದು ಗಲ್ಲಿಯಲ್ಲಿ ಮಹಡಿ ಮನೆ ಸಿಕ್ಕಿತು. ಕೆಳಗೆ ಮನೆಯೊಡತಿ ಒಬ್ಬರೇ. ಅರವತ್ತು ದಾಟಿದವರು, ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು, ಮಕ್ಕಳಿಲ್ಲ, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು 'ಆಂಟಿ' ಎಂದದ್ದಕ್ಕೆ ಮುಖ ಗಂಟು ಹಾಕಿದರು. "ಆಂಟಿ ಅಂತ ಕರೆದರೆ ನೀರಿನ ಪಂಪು ಆಫ್ ಮಾಡ್ತೇನೆ. ಚೇಚಿ ಅನ್ನು." ಅಂದಿನಿಂದ ಅವರು ಚೇಚಿ, ನಾನು ಮೋಳೆ. ಅಕ್ಕ ಎನ್ನುವ ಹೆಸರಿನವರು ನನ್ನನ್ನು ಮಗಳು ಎನ್ನುವುದು ಯಾವ ಲೆಕ್ಕವೋ, ಅಲ್ಲಿ ಯಾರೂ ಕೇಳುವುದಿಲ್ಲ.

ಗಂಡ ಬಹಳ ಕಾಲ ಮಂಗಳೂರಿನಲ್ಲಿ ಕೆಲಸದಲ್ಲಿದ್ದುದರಿಂದ ಚೇಚಿಗೆ ಕನ್ನಡ ಬರುತ್ತಿತ್ತು. ಕಲಿತದ್ದು ಅಲ್ಲಿನ ಮೀನು ಮಾರುಕಟ್ಟೆಯಲ್ಲಿ. ಆದ್ದರಿಂದ ಅವರು ಬಾಯಿ ಬಿಟ್ಟರೆ ಚೌಕಾಸಿ ಮಾಡಿದಂತೆಯೇ ಕೇಳುತ್ತಿತ್ತು. ನನ್ನ ತುಮಕೂರು ಕನ್ನಡ ಅವರಿಗೆ ತಮಾಷೆ, ಅವರದು ನನಗೆ.

ಪೋರ್ಚಿನಲ್ಲಿ ಆ ಕಾರು ನಿಂತಿತ್ತು. ತೆಳು ನೀಲಿ ಬಣ್ಣದ ಹಳೆಯ ಹೆರಾಲ್ಡ್, ಎರಡೇ ಬಾಗಿಲಿನದು. ಅದರ ಬಾನೆಟ್ ಉಳಿದ ಕಾರುಗಳ ಹಾಗೆ ಮೇಲಕ್ಕಷ್ಟೇ ಏಳುವುದಿಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚೇಚಿ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಆ ತೆರೆದ ಬಾಯಿಯೊಳಗೆ ಮುಂದಿನ ಟೈರಿನ ಮೇಲೆ ಕೂತು, ಪ್ಲಗ್ ಉಜ್ಜುತ್ತ ಕೀರ್ತನೆ ಗುನುಗುತ್ತಿದ್ದರು. ಮೊಸಳೆಯೊಂದು ಸಂಗೀತದ ಟೀಚರನ್ನು ಅರ್ಧ ನುಂಗಿ, ರಾಗ ಮುಗಿಯಲಿ ಎಂದು ಕಾಯುತ್ತಿದ್ದಂತೆ ಕಾಣುತ್ತಿತ್ತು.

ನಾನು ಸೇರಿಕೊಂಡ ಮೊದಲ ಭಾನುವಾರ ಬೆಳಿಗ್ಗೆ, ಹೊರಗಿನ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ನಿಂತಿದ್ದೆ. ಕಾರಿನ ಹಿಂಭಾಗವನ್ನು ಜಾಕ್ ಹಾಕಿ ಎತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಅಡಿಯಿಂದ ಚೇಚಿಯ ಪಾದಗಳಷ್ಟೇ ಕಾಣುತ್ತಿದ್ದವು. ಕೂಗು ಕೇಳಿಸಿತು.

"ಚವಿಟ್ಟ್!"

ತುಳಿ ಎಂದರ್ಥ. ಕಾರಿನೊಳಗಿಂದ 'ಕಿರ್' ಎಂದು ಪೆಡಲಿನ ಸದ್ದು ಬಂತು.

"ಪಿಡಿಚ್ಚೋ."

ಹಿಡಿದುಕೋ. ನಿಶ್ಶಬ್ದ. ಹಳೆಯ ಎಣ್ಣೆ ಹಿಡಿಯುವ ಬಾಟಲಿಯಲ್ಲಿ ಬುಳುಬುಳು ಗುಳ್ಳೆಯೇಳುವ ಸದ್ದು. ಸ್ಪ್ಯಾನರ್ ತಿರುಗಿದ ಸದ್ದು.

"ವಿಟ್ಟೋ."

ಬಿಡು. ಮತ್ತೆ 'ಕಿರ್'. ಪೆಡಲ್ ಮೇಲೆ ಬಂತು.

ಪಾಪ, ಯಾರೋ ಸಹಾಯಕ್ಕೆ ಬಂದಿದ್ದಾರೆ ಎಂದುಕೊಂಡು ಬಗ್ಗಿ ನೋಡಿದೆ. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ಕುಳ್ಳಗಿರುವ ಯಾರೋ ಇರಬೇಕು ಎಂದು ಎರಡು ಮೆಟ್ಟಿಲು ಇಳಿದೆ. ಇಲ್ಲ. "ಚವಿಟ್ಟ್" ಎಂದು ಕೆಳಗಿನಿಂದ ಮತ್ತೆ ಕೂಗು. ನಾನು ನೋಡುತ್ತಿದ್ದಂತೆಯೇ ಬ್ರೇಕ್ ಪೆಡಲ್ ನಿಧಾನವಾಗಿ, ಅವಸರವೇ ಇಲ್ಲದ ಮನುಷ್ಯನೊಬ್ಬ ತುಳಿದಂತೆ, ನೆಲದ ಕಡೆಗೆ ಹೋಗಿ ನಿಂತಿತು. ಹಾಗೇ ನಿಂತಿತ್ತು. ನನ್ನ ಕೈಯ ಚಹಾ ಮಾತ್ರ ನಿಲ್ಲಲಿಲ್ಲ, ಸೀರೆಯ ಮೇಲೆ ಚೆಲ್ಲಿತು.

ಚೇಚಿ ಹೊರಬಂದು ಅಂಗಿಗೆ ಕೈ ಒರೆಸಿಕೊಂಡರು. ನನ್ನ ಮುಖ ನೋಡಿ, ಹಾಲಿನವನು ತಡವಾಗಿ ಬಂದ ವಿಷಯ ಹೇಳುವ ಧ್ವನಿಯಲ್ಲಿ ಹೇಳಿದರು: "ಇದು ಒಬ್ಬರಿಂದ ಆಗುವ ಕೆಲಸ ಅಲ್ಲ ಮೋಳೇ. ಒಬ್ಬರು ಕೆಳಗೆ, ಒಬ್ಬರು ಪೆಡಲಿಗೆ. ಇವರು ಇರುವಷ್ಟು ದಿನ ಇವರು ಕೆಳಗೆ, ನಾನು ಪೆಡಲಿಗೆ. ಎಷ್ಟು ವರ್ಷ ತುಳಿದಿದ್ದೇನೆ ಗೊತ್ತುಂಟಾ? ಈಗ ಇವರು ತುಳೀಲಿ."

"ಇವರು ಅಂದ್ರೆ... ಯಾರು ಚೇಚಿ?"

"ಎಂತ ಯಾರು? ನನಗೆ ಎಷ್ಟು ಗಂಡಂದಿರು ಅಂತ ತಿಳ್ಕೊಂಡಿದ್ದಿ ನೀನು?"

ಅಂದು ಸಂಜೆಯೇ ಮನೆ ಖಾಲಿ ಮಾಡಬೇಕೆಂದು ನಿರ್ಧರಿಸಿದೆ. ಮರುದಿನ ಬ್ಯಾಂಕಿನ ಹತ್ತಿರದ ಗ್ಯಾರೇಜೊಂದರಲ್ಲಿ, ಸಾಮಾನ್ಯ ಜ್ಞಾನಕ್ಕೆಂಬಂತೆ, ಏರ್ ತೆಗೆಯುವಾಗ ಪೆಡಲ್ ತಾನೇ ಕೆಳಗೆ ಹೋಗುವುದುಂಟೇ ಎಂದು ವಿಚಾರಿಸಿದೆ. ಎಣ್ಣೆ ತಾನೇ ತೊಟ್ಟಿಕ್ಕಬಹುದು, ಪೆಡಲ್ ಹೋಗದು ಎಂದು ಅವರು ನಕ್ಕರು. ಆದರೂ ನಾನು ಮನೆ ಬಿಡಲಿಲ್ಲ. ಮತ್ತೆ ಬ್ರೋಕರುಗಳ ಹಿಂದೆ ಸುತ್ತುವುದನ್ನು ನೆನೆದರೆ ಆಗುವ ಭಯ ಇದಕ್ಕಿಂತ ದೊಡ್ಡದಾಗಿತ್ತು. ಈ ಮನೆಯಲ್ಲಿದ್ದದ್ದು ಏನೇ ಇರಲಿ, ಅದು ಶಿಸ್ತಿನದು. ಕರೆದರೆ ಮಾತ್ರ ಬರುತ್ತಿತ್ತು, ಹೇಳಿದಷ್ಟೇ ಮಾಡುತ್ತಿತ್ತು. ನನ್ನ ಶಾಖೆಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಒಂದು ಸಲ, ಕೆಳಗಿನ ಬಾಟಲಿ ತುಂಬಿತೆಂದು ಖಾಲಿ ಉಪ್ಪಿನಕಾಯಿ ಬಾಟಲಿ ಕೊಡಲು ಹೋದವಳನ್ನು ಚೇಚಿ ಎಡಗಡೆ ಸೀಟಿನಲ್ಲಿ ಕೂರಿಸಿಬಿಟ್ಟರು. "ನಾನು ಕೇಳಿದಾಗ ಕೊಡು. ಸುಮ್ಮನೆ ಕೂತ್ಕೋ. ಅವರಿಗೆ ಮಾತಾಡಿಸ್ಬೇಡ, ಲೆಕ್ಕ ತಪ್ತದೆ." ಕೆಳಗಿನಿಂದ ಕೂಗು ಬಂತು. ನನ್ನ ಪಕ್ಕದ ಖಾಲಿ ಸೀಟಿನ ರೆಕ್ಸಿನ್ 'ಉಸ್' ಎಂದು ಒಮ್ಮೆ ಗಾಳಿ ಬಿಟ್ಟಿತು. ಪೆಡಲ್ ಇಳಿಯಿತು. ಸೆಕೆಗೆ ಬೆವರುತ್ತಿದ್ದ ನನ್ನ ಬಲಗೈ ಮಾತ್ರ, ಆ ಕಡೆಯ ಕೈ ಮಾತ್ರ, ಒರೆಸಿದಂತೆ ಒಣಗಿತು. ಬಹಳ ಹೊತ್ತು ಹಿಡಿದಾಗ ಪೆಡಲಿನ ಸ್ಪ್ರಿಂಗು ಆಗಾಗ ಸಣ್ಣದಾಗಿ 'ಕಿರ್' ಎನ್ನುತ್ತಿತ್ತು. ದಣಿದ ಕಾಲು ಜಾಗ ಬದಲಿಸಿದರೆ ಆಗುವ ಸದ್ದು. ನಾನು ಎದುರಿಗಿನ ಗೋಡೆಯನ್ನೇ ನೋಡುತ್ತ, ಬಾಟಲಿಯನ್ನು ಎದೆಗೆ ಅವುಚಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಸರದಿಯ ಪ್ರಕಾರ ಕರೆದೆ.

"ಇದರಲ್ಲಿ ಒಂದೇ ನಿಯಮ," ಎಂದು ಚೇಚಿ ಆಮೇಲೆ ದೋಸೆ ಹಾಕಿಕೊಡುತ್ತ ಹೇಳಿದರು. "ವಿಟ್ಟೋ ಅನ್ನುವ ತನಕ ಕಾಲು ಎತ್ತಬಾರದು. ಎತ್ತಿದರೆ ಗಾಳಿ ಒಳಗೆ ಹೋಗ್ತದೆ, ಮಾಡಿದ್ದೆಲ್ಲ ವ್ಯರ್ಥ. ಮಂಗಳೂರಲ್ಲಿರುವಾಗ ಒಂದು ದಿನ ಇವರು ಪಿಡಿಚ್ಚೋ ಅಂದ್ರು. ಅಷ್ಟರಲ್ಲಿ ಗೇಟಿಗೆ ಯಾರೋ ಪರಿಚಯದವರು ಬಂದ್ರು. ಇವರು ಎದ್ದು ಹೋದವರು, ಮಾತಾಡ್ತಾ ಮಾತಾಡ್ತಾ ಅವರ ಒಟ್ಟಿಗೆ ಪೇಟೆಗೇ ಹೋದ್ರು ಮಾರಾಯ್ತಿ! ಒಲೆ ಮೇಲೆ ಅನ್ನ ಸೀದು ಕರಿ ಆಯ್ತು. ವಾಸನೆ ಬರ್ತಾ ಉಂಟು, ನಾನು ಕೂತೇ ಇದ್ದೇನೆ. ಬಂದು ನೋಡಿ ತಲೆ ಮೇಲೆ ಕೈ ಇಟ್ರು. 'ಬಿಟ್ಟು ಏಳ್ಲಿಕ್ಕೆ ಆಗ್ಲಿಲ್ವಾ ನಿನಗೆ?' ಅಂತ."

"ನೀವೇನಂದ್ರಿ?"

"ನೀವು ಹೇಳ್ಲಿಲ್ಲ ಅಲ್ವಾ, ಅಂದೆ." ದೋಸೆ ಮಗುಚಿದರು. "ಅದರ ಮೇಲೆ ಇವರು ನನ್ನನ್ನು ಎಂದೂ ಹಾಗೆ ಕೂರಿಸಿ ಹೋಗ್ಲಿಲ್ಲ."

ಮರುವರ್ಷ ಚೇಚಿ ಮನೆಯ ಕೆಳಭಾಗವನ್ನು ಬಾಡಿಗೆಗೆ ಕೊಟ್ಟು ತಿರುವನಂತಪುರಕ್ಕೆ, ಪಟ್ಟಂನಲ್ಲಿದ್ದ ತಂಗಿಯ ಫ್ಲ್ಯಾಟಿಗೆ ಹೋಗುವುದೆಂದು ನಿಶ್ಚಯಿಸಿದರು. ತಂಗಿಯ ಕರೆ, ಚೇಚಿಯ ಇಷ್ಟ, ಎರಡೂ ಕೂಡಿಬಂದಿದ್ದವು. ಬೇಸರವೇನೂ ಕಾಣಲಿಲ್ಲ. ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಧ್ವನಿ ತಗ್ಗಿಸಿ, ಕಾರಿಗೆ ಕೇಳಿಸಬಾರದು ಎನ್ನುವಂತೆ ಕೇಳಿದರು:

"ಇವರು ಮನೆಯಲ್ಲಿ ಇರುವುದಾ, ಕಾರಲ್ಲಿ ಇರುವುದಾ? ಕಾರಲ್ಲಾದರೆ ನನ್ನ ಒಟ್ಟಿಗೆ ಬರ್ತಾರೆ. ಮನೆಯಲ್ಲಾದರೆ..."

"ಅವರನ್ನೇ ಕೇಳಬಹುದಲ್ಲ ಚೇಚಿ" ಎಂದೆ. ಇಂಥ ಮಾತನ್ನು ಗಂಭೀರವಾಗಿ ಆಡುವ ಸ್ಥಿತಿಗೆ ನಾನು ಬಂದಿದ್ದೆ.

"ಕೇಳಿದರೆ ಹೇಳುವವರಲ್ಲ. ತುಳಿ ಅಂದ್ರೆ ತುಳೀತಾರೆ, ಅಷ್ಟೇ. ಇರುವಾಗಲೂ ಹಾಗೇ."

ಕಾರನ್ನು ಲಾರಿಯಲ್ಲಿ ಹೇರಿಸಲು ಚೇಚಿ ಒಪ್ಪಲಿಲ್ಲ. ಹೆಣದ ಹಾಗೆ ಮಲಗಿಸಿ ಕೊಂಡೊಯ್ದರೆ ಗಂಡ ಹತ್ತುವುದಿಲ್ಲ, ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದರು. ನನಗೆ ತಿರುವನಂತಪುರದಲ್ಲಿ ತರಬೇತಿಯಿತ್ತು, ಜೊತೆಗೆ ಬಾ ಎಂದರು. ಇಲ್ಲವೆನ್ನುವ ಧೈರ್ಯ ನನಗಿಲ್ಲ. ನನ್ನ ಜೀವನದ ಸಾಹಸಗಳೆಲ್ಲ ಹೀಗೆಯೇ ನಡೆದಿರುವುದು. ಹೊರಡುವ ಮುಂಚಿನ ವಾರವೆಲ್ಲ ಪಟ್ಟಿ ಮಾಡುತ್ತ ಕಳೆದೆ. ಟಾರ್ಚು, ಹಗ್ಗ, ಎರಡು ಕ್ಯಾನ್ ನೀರು, ಫ್ಯಾನ್ ಬೆಲ್ಟು, ಗ್ಲೂಕೋಸು, ಬಾಗಿಲಿಗೆ ಕಟ್ಟಲು ದುಪಟ್ಟಾ.

ಹೊರಡುವ ಬೆಳಿಗ್ಗೆ ಚೇಚಿ ಕೊನೆಯ ಬಾರಿಗೆ ಬ್ರೇಕಿನ ಗಾಳಿ ತೆಗೆಯುತ್ತಿದ್ದರು. ಬೇರೆ ಚಕ್ರಗಳೆಲ್ಲ ಮುಗಿದು, ಬಲಗಡೆಯ ಮುಂದಿನದೊಂದು ಉಳಿದಿತ್ತು. ಚವಿಟ್ಟ್ ಅಂದರು. ಪಿಡಿಚ್ಚೋ ಅಂದರು. ಆಗಲೇ ಸಾಮಾನಿನ ಲಾರಿ ಬಂದು, ಆ ಗಲ್ಲಿಗೆ ಅಡ್ಡಲಾಗಿ ನಿಂತು, ಪೇಟೆಯೇ ಎದ್ದು ಬರುವಂತೆ ಹಾರನ್ ಬಾರಿಸಿತು. ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಆಟೋ. ಚೇಚಿ ಸ್ಕ್ರೂ ಬಿಗಿ ಮಾಡಿ, ಮಲಯಾಳದಲ್ಲಿ ಬಯ್ಯುತ್ತ ಎದ್ದು ಓಡಿದರು. ಆಮೇಲೆ ಅಲಮಾರಿ, ಮಂಚ, ತಂಬೂರಿ, ಯಾವುದು ಮೊದಲು ಎಂಬ ಜಗಳ... ಅದೆಲ್ಲ ಮುಗಿದಾಗ ಬಿಸಿಲೇರಿತ್ತು. ಜಾಕ್ ಇಳಿಸಿದರು. ಬ್ರೇಕ್ ತುಳಿದು ನೋಡಿದರು, ಕಲ್ಲಿನ ಹಾಗೆ ಗಟ್ಟಿ. ನಾವು ಹೊರಟೆವು.

ದಾರಿಯಲ್ಲಿ ಏನೂ ಆಗಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಕೊಲ್ಲಂನ ಹತ್ತಿರ ಬಸ್ಸೊಂದು ತಟ್ಟನೆ ನಿಂತಾಗ ನಾನು ಕಣ್ಣು ಮುಚ್ಚಿದೆ; ತೆರೆದಾಗ ಕಾರು ಅದರ ಬಂಪರಿಗೆ ಗೌರವದ ಅಂತರ ಕೊಟ್ಟು ನಿಂತಿತ್ತು. "ಪೇಡಿಕ್ಕಂಡ ಮೋಳೇ, ಹೆದರಬೇಡ" ಎಂದರು ಚೇಚಿ. ಆದರೆ ಅವರ ಕಣ್ಣು ಆಗಾಗ ಕನ್ನಡಿಯಲ್ಲಿ ಹಿಂದಿನ ಸೀಟಿಗೆ ಹೋಗಿ ಬರುತ್ತಿತ್ತು. ಅಲ್ಲಿ ಕುಕ್ಕರು ಮತ್ತು ಹಾಸಿಗೆ ಸುರುಳಿ ಇದ್ದವು.

ಮರುದಿನ ಬೆಳಿಗ್ಗೆ ಪಟ್ಟಂನ ಆ ಫ್ಲ್ಯಾಟಿನ ಕೆಳಗಿನ ಪಾರ್ಕಿಂಗಿನಲ್ಲಿ ಚೇಚಿ ಜಾಕ್ ಹಾಕಿದರು. ದೂರ ಓಡಿದ ಮೇಲೆ ಗಾಳಿ ತೆಗೆಯಲೇಬೇಕೆಂಬುದು ಗಂಡನ ನಿಯಮವಂತೆ. ನನಗೆ ಗೊತ್ತಿತ್ತು, ನೋಡಬೇಕಿದ್ದದ್ದು ಗಾಳಿಯನ್ನಲ್ಲ. ಅಡಿಗೆ ಹೋಗಿ ಮಲಗಿದರು.

"ಚವಿಟ್ಟ್."

ನಾನು ಪೆಡಲನ್ನೇ ನೋಡುತ್ತಿದ್ದೆ.

"ಚವಿಟ್ಟ್... ಕೇಳ್ತಾ ಉಂಟಾ? ಚವಿಟ್ಟ್."

ಮೇಲಿನ ಬಾಲ್ಕನಿಯಿಂದ ತಂಗಿ ಚಾಯ ಆರುತ್ತದೆ ಎಂದು ಕೂಗಿದರು. ವಾಚ್‌ಮನ್ ಬಂದು ನಿಂತು ನೋಡಿ ಹೋದ. ಪೆಡಲ್ ಅಲುಗಲಿಲ್ಲ. ಕಾರಿನ ಅಡಿಯಿಂದ ಆಮೇಲೆ ತೆಳ್ಳನೆಯ ಧ್ವನಿ ಬಂತು: "ಮೋಳೇ, ನೀನೇ ಹತ್ತು."

ಹತ್ತಿ ಕೂತು ತುಳಿದೆ. ಚೇಚಿ ಎದ್ದು ಬಂದಾಗ ಅವರ ಮುಖದಲ್ಲಿದ್ದದ್ದು ದುಃಖವಲ್ಲ, ಅವಮಾನ. "ಮನೆಯೇ ಬೇಕಾಯ್ತು ಅವರಿಗೆ. ಇರಲಿ. ಗೋಡೆ ನೋಡ್ಕೊಂಡು ಇರಲಿ."

ತರಬೇತಿ ಮುಗಿಸಿ ನಾನೊಬ್ಬಳೇ ತ್ರಿಪ್ಪುಣಿತ್ತುರಕ್ಕೆ ಮರಳಿದೆ. ಕೆಳಗಿನ ಮನೆಗೆ ಬಾಡಿಗೆಯವರು ಇನ್ನೂ ಬಂದಿರಲಿಲ್ಲ. ಬೀಗ ಹಾಕಿದ ಬಾಗಿಲು, ಖಾಲಿ ಪೋರ್ಚು, ಸಿಮೆಂಟಿನ ಮೇಲೆ ಎಣ್ಣೆಯ ಕಲೆ. ಗೇಟು ತೆಗೆದು ಒಳಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದೆ.

'ಕಿರ್.'

ಗೇಟು ಎಂದುಕೊಂಡೆ. ಕೊಬ್ಬರಿ ಎಣ್ಣೆ ತಂದು ಅದರ ತಿರುಗಣಿಗೆಲ್ಲ ಸುರಿದೆ. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೊರಡುವಾಗ, ಗೇಟು ಮುಚ್ಚಿಯೇ ಇತ್ತು, ಮತ್ತೆ 'ಕಿರ್'. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಖಾಲಿ ಪೋರ್ಚಿನ ಮಧ್ಯದಿಂದ, ನನ್ನ ಮೊಣಕಾಲಿನ ಮಟ್ಟದಿಂದ. ಪಕ್ಕದ ಮನೆಯ ಬೆಕ್ಕು ಎಂದಿನಂತೆ ಪೋರ್ಚಿಗೆ ಅಡ್ಡ ಹಾಯಲು ಬಂದು, ಎಣ್ಣೆಯ ಕಲೆಯ ಹತ್ತಿರ ನಿಂತು, ಯಾರದೋ ಕಾಲು ಚಾಚಿದ್ದರೆ ಬಳಸಿ ಹೋಗುವಂತೆ ಬಳಸಿ ಹೋಯಿತು. ನಾನು ಆ ವಾರವೆಲ್ಲ ಗೋಡೆಗೆ ಅಂಟಿಕೊಂಡು ಮೆಟ್ಟಿಲು ಹತ್ತಿದೆ.

ಭಾನುವಾರ ಬೆಳಿಗ್ಗೆ ಚೇಚಿ ಫೋನ್ ಮಾಡಿದರು. ತಿಂಡಿ, ಬಸ್ಸು, ಬಾಡಿಗೆಯವರು, ಎಲ್ಲ ಮಾತು ಮುಗಿದ ಮೇಲೆ, ದೂರುವ ಧೈರ್ಯವಿಲ್ಲದೆ, ಗೇಟಿಗೆ ಎಣ್ಣೆ ಹಾಕಿದರೂ ಸದ್ದು ನಿಲ್ಲುತ್ತಿಲ್ಲ ಎಂದಷ್ಟೇ ಹೇಳಿದೆ.

"ಎಂಥ ಸದ್ದು?"

"ಕಿರ್ ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್. ಪೆಡಲ್ ಹಿಡ್ಕೊಂಡು ಕೂತಾಗ ಬರ್ತಿತ್ತಲ್ಲ ಚೇಚಿ, ಹಾಗೇ..."

ಆ ಕಡೆ ತಂಗಿಯ ಮನೆಯ ಕುಕ್ಕರು ಕೂಗುವುದು ಕೇಳಿಸುತ್ತಿತ್ತು. ಆಮೇಲೆ, ಉಸಿರಿನಷ್ಟೇ ಸಣ್ಣದಾಗಿ:

"ಅಯ್ಯೋ ಎಂದೆ ದೈವಮೇ... ಲಾರಿ ಬಂತು. ನಾನು ಎದ್ದು ಹೋದೆ. ವಿಟ್ಟೋ ಅಂತ ಹೇಳಲೇ ಇಲ್ಲ."

ನಾನು ಹೋಗಿ ಬಾಗಿಲಿನ ಚಿಲಕ ಹಾಕಿದೆ.

"ನಾನು ಇಲ್ಲಿ ಬಯ್ತಾ ಇದ್ದೇನೆ, ಅವರು ಅಲ್ಲಿ ಹಿಡ್ಕೊಂಡು ಕೂತಿದ್ದಾರೆ. ಕಾರಿಲ್ಲ, ಸೀಟಿಲ್ಲ, ಹಿಡ್ಕೊಂಡೇ ಕೂತಿದ್ದಾರೆ. ಮೋಳೇ, ಕೆಳಗೆ ಹೋಗು. ಫೋನ್ ಹಿಡ್ಕೊಂಡು ಹೋಗು. ಈಗಲೇ."

ಹೋದೆ. ಹಗಲು ಬೆಳಕು, ಹಿತವಾದ ಬಿಸಿಲು, ಪಕ್ಕದ ಮನೆಯ ಅಂಗಳದಲ್ಲಿ ಪತ್ರಿಕೆ ಓದುತ್ತ ಕೂತ ಯಜಮಾನರು. ಫೋನಿನ ಸ್ಪೀಕರ್ ಒತ್ತಿ, ಕೈ ಚಾಚಿ, ಎಣ್ಣೆಯ ಕಲೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಹಿಡಿದೆ. ಮೊಬೈಲಿಗೆ ಸಿಗ್ನಲ್ ಹುಡುಕುತ್ತಿದ್ದೇನೆಂದು ಯಜಮಾನರು ತಿಳಿದಿರಬೇಕು. ಗೋಡೆಯ ಹತ್ತಿರ ಬಂದರೆ ಸಿಗುತ್ತದೆ ಎಂದು ಸನ್ನೆ ಮಾಡಿದರು. 'ಕಿರ್' ಎಂದಿತು, ಕೈಗೆ ತೀರ ಹತ್ತಿರದಲ್ಲಿ.

ಫೋನಿನಿಂದ ಚೇಚಿಯ ಧ್ವನಿ ಬಂತು. ಮೀನು ಮಾರುಕಟ್ಟೆಯ ಧ್ವನಿಯಲ್ಲ. ನಾನು ಎಂದೂ ಕೇಳದಿದ್ದ ಯಾವುದೋ ಧ್ವನಿ, ಒಬ್ಬರಿಗೆ ಮಾತ್ರ ಮೀಸಲಾದದ್ದು.

"ಮದಿ... ವಿಟ್ಟೋ."

ಸಾಕು, ಬಿಡಿ.

ಉದ್ದವಾಗಿ ಒಂದು 'ಕಿ...ರ್' ಕೇಳಿಸಿತು. ಪೆಡಲ್ ಮೇಲೆ ಬರುವ ಸದ್ದು. ಆಮೇಲೆ ಏನೂ ಇಲ್ಲ. ಬೆಕ್ಕು ಬಂದು ಎಣ್ಣೆಯ ಕಲೆಯ ಮೇಲೆಯೇ ಮಲಗಿತು.

"ಬಿಟ್ರಾ?" ಎಂದರು ಚೇಚಿ.

"ಬಿಟ್ರು ಚೇಚಿ."

"ಪಾಪ," ಎಂದರು. "ಕಾಲು ನೋಯ್ತಿತ್ತು ಅವರಿಗೆ."

ಮರುದಿನ ಪಟ್ಟಂನಲ್ಲಿ ಪೆಡಲ್ ಇಳಿಯಿತೇ ಎಂದು ನಾನು ಕೇಳಿದೆ. ಚೇಚಿ ಹವಾಮಾನದ ಮಾತಾಡಿದರು. ಇನ್ನೊಮ್ಮೆ ಕೇಳಿದಾಗ, "ಬಿಡಿ ಅಂದ ಮೇಲೆ ಬಿಟ್ಟರು. ಹೇಳಿದಷ್ಟೇ ಮಾಡುವವರು" ಎಂದರು. ಮತ್ತೆ ನಾನು ಕೇಳಲಿಲ್ಲ. ಅಲ್ಲಿ ವಾಚ್‌ಮನ್‌ಗೆ ತುಳಿಯುವುದನ್ನು ಕಲಿಸಿದ್ದರಂತೆ. ಅವನು ಪ್ರತಿ ಸಲವೂ ಬೇಗ ಕಾಲೆತ್ತಿ ಬಯ್ಸಿಕೊಳ್ಳುತ್ತಿದ್ದನಂತೆ. ನನಗೆ ಬೇರೆ ಊರಿಗೆ ವರ್ಗವಾಯಿತು. ಹಬ್ಬಕ್ಕೊಂದು ಫೋನು, ಆಮೇಲೆ ವರ್ಷಕ್ಕೊಂದು... ಒಂದು ಓಣಂ ಹೊತ್ತಿಗೆ ನಾನು ಮಾಡಿದ ಫೋನನ್ನು ತಂಗಿ ಎತ್ತಿದರು. ಚೇಚಿ ತೀರಿಹೋಗಿ ಆಗಲೇ ತಿಂಗಳುಗಳಾಗಿದ್ದವು. ಕಾರನ್ನು ಯಾರೋ ಹಳೆಯ ಕಾರಿನ ಹುಚ್ಚಿನವರು ಕೊಂಡೊಯ್ದರಂತೆ. ಎಲ್ಲಿಗೆ ಎಂದು ತಂಗಿಗೆ ಗೊತ್ತಿರಲಿಲ್ಲ. ಚೇಚಿಯೂ ಹೇಳದೆ ಕಾಲೆತ್ತುವವರಲ್ಲ. ಕೊನೆಗಾಲದಲ್ಲಿ ಪಕ್ಕದಲ್ಲಿ ಯಾರಿದ್ದರು, ವಿಟ್ಟೋ ಎಂಬ ಆ ಮಾತನ್ನು ಅವರಿಗೆ ಯಾರಾದರೂ ಹೇಳಿದರೇ, ಅದನ್ನು ನಾನು ಕೇಳಬೇಕೆಂದಿದ್ದೆ. ಕೇಳಲು ಅದೆಂಥ ಪ್ರಶ್ನೆ.

ತುಮಕೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗೆ ನಡುವೆ ಫೋನ್ ಬಂದಿತ್ತು. ಸ್ಕ್ರೂ ಬಿಗಿ ಮಾಡಿ, ಮಾತಾಡುತ್ತ ರಸ್ತೆ ದಾಟಿ, ಚಹಾ ಅಂಗಡಿಯವರೆಗೆ ಹೋಗಿದ್ದ. ಬ್ರೇಕ್ ಆಯಿಲಿನ ವಾಸನೆಯಲ್ಲಿ ನಾನು ಕೂತೇ ಇದ್ದೆ. ಹಿಮ್ಮಡಿ ಮರಗಟ್ಟಿತು, ಮೀನಖಂಡ ಹಿಡಿದುಕೊಂಡಿತು. ಪೆಡಲ್ ಒಮ್ಮೆ 'ಕಿರ್' ಎಂದಿತು. ಪಕ್ಕದ ಖಾಲಿ ಸೀಟಿನ ಕಡೆ ನಾನು ತಿರುಗಲಿಲ್ಲ.

ಅವನು ಬಂದು ಕಿಟಕಿಯಲ್ಲಿ ಬಗ್ಗಿದ. "ಅಯ್ಯೋ, ಇನ್ನೂ ಒತ್ಕೊಂಡೇ ಇದ್ದೀರಾ ಮೇಡಂ? ಬಿಟ್ಟು ಇಳಿಯೋದಲ್ವಾ?"

"ನೀವು ಹೇಳ್ಲಿಲ್ವಲ್ಲ" ಎಂದೆ.